ಗೋಬಿಗೆ ಆದೇಶ, ಚರ್ಮಕ್ಕೆ ಪತ್ರ

2024ರ ಮಾರ್ಚ್‌ನಲ್ಲಿ 171 ಗೋಬಿ ಮಂಚೂರಿ ಮಾದರಿಗಳ ಪರೀಕ್ಷಾ ವರದಿ ರಾಜ್ಯ ಸರ್ಕಾರದ ಕೈಸೇರಿತು. 107ರಲ್ಲಿ ಕೃತಕ ಬಣ್ಣ. ತಡ ಮಾಡದೆ ಆದೇಶ ಹೊರಬಿತ್ತು: ಗೋಬಿಗೆ ಬಣ್ಣ ಹಾಕುವಂತಿಲ್ಲ, ಬೊಂಬಾಯಿ ಮಿಠಾಯಿಗೆ ರೋಡಮೈನ್-ಬಿ ಎಂಬ ಬಣ್ಣ ಬೆರೆಸುವಂತಿಲ್ಲ, ತಪ್ಪಿದರೆ ಏಳು ವರ್ಷ ಜೈಲಿನಿಂದ ಹಿಡಿದು ಜೀವಾವಧಿ, ಅದರ ಮೇಲೆ 10 ಲಕ್ಷ ರೂಪಾಯಿ ದಂಡ. ತಳ್ಳುಗಾಡಿಯವರು ಕೆಂಪು ಪುಡಿಯ ಪೊಟ್ಟಣಗಳನ್ನು ಚರಂಡಿಗೆ ಸುರಿದು ಕೈ ತೊಳೆದುಕೊಂಡರು. ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಒಂದು ವರ್ಷ ಕಳೆಯಿತು. 2025ರ ಆರಂಭದಲ್ಲಿ ಅದೇ ಸರ್ಕಾರದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇನ್ನೊಂದು ವಿಷಯ ಹಿಡಿದು ಮಾಧ್ಯಮದ ಮುಂದೆ ಬಂದರು. ಟ್ಯಾಟೂ ಇಂಕ್‌ನಲ್ಲಿ 22 ಬಗೆಯ ಲೋಹಗಳು ಸಿಕ್ಕಿವೆ. ಸೆಲೆನಿಯಂ, ಕ್ರೋಮಿಯಂ, ಪ್ಲಾಟಿನಂ, ಆರ್ಸೆನಿಕ್. ಚರ್ಮರೋಗದಿಂದ ಹಿಡಿದು ಎಚ್‌ಐವಿ, ಕ್ಯಾನ್ಸರ್ ತನಕ ಎಚ್ಚರಿಕೆಯ ಪಟ್ಟಿ ಉದ್ದವಾಗಿತ್ತು. ಓದಿದವರ ಮೈ ಜುಮ್ಮೆಂದಿತು. ಇನ್ನೇನು ಆದೇಶ ಬರುತ್ತದೆ ಅಂದುಕೊಂಡರೆ ಬಂದದ್ದು ಪತ್ರದ ಮಾತು: ಕೇಂದ್ರಕ್ಕೆ ಬರೆಯುತ್ತೇವೆ, ಇಂಕ್‌ಗೊಂದು ಮಾನದಂಡ ಗೊತ್ತುಮಾಡಿ ಎಂದು ಕೇಳುತ್ತೇವೆ. ಹೊಟ್ಟೆಗೆ ಹೋಗಿ ಮರುದಿನ ಹೊರಬೀಳುವ ಬಣ್ಣಕ್ಕೆ ಜೀವಾವಧಿ. ಚರ್ಮದೊಳಗೆ ಇಳಿದು ಚಟ್ಟ ಏರುವ ತನಕ ಜೊತೆಗಿರುವ ಬಣ್ಣಕ್ಕೆ ಅಂಚೆ ಚೀಟಿ!

ಕಾನೂನಿನಲ್ಲಿ ಜಾಗವಿಲ್ಲ ಎಂಬುದು ಇಲಾಖೆಯ ವಾದ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಟ್ಯಾಟೂ ಇಂಕ್‌ನ ಹೆಸರೆತ್ತಿಲ್ಲವಂತೆ. ಹೆಸರೆತ್ತದಿದ್ದರೇನಾಯಿತು? ಅದೇ ಕಾಯ್ದೆಯ 3ನೇ ಸೆಕ್ಷನ್ನು ಕಾಂತಿವರ್ಧಕ ಎಂದರೆ ಯಾವುದು ಎಂದು ಹೇಳುವಾಗ ಮೈಗೆ ತಿಕ್ಕುವ, ಸುರಿಯುವ, ಚಿಮುಕಿಸುವ ವಸ್ತುಗಳ ಜೊತೆಗೆ ಮೈಯೊಳಕ್ಕೆ ಸೇರಿಸುವ ವಸ್ತುವನ್ನೂ ಎಣಿಸಿದೆ. ಅಂದ ಹೆಚ್ಚಿಸುವ ಇಲ್ಲವೇ ರೂಪ ಬದಲಿಸುವ ಉದ್ದೇಶ ಇದ್ದರೆ ಸಾಕು. ಹಚ್ಚೆಯ ಇಂಕ್ ಮಾಡುವ ಕೆಲಸ ಇನ್ನೇನು? ಅದೂ ಬೇಡ, ಕಾಯ್ದೆ ದೆಹಲಿಯದ್ದು ಎನ್ನೋಣ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿ ತೆರೆದು ನೋಡಲಿ. 6ನೇ ನಮೂದು ಸಾರ್ವಜನಿಕ ಆರೋಗ್ಯ. 28ನೇ ನಮೂದು ಸಂತೆ ಮತ್ತು ಜಾತ್ರೆ. ಎರಡೂ ರಾಜ್ಯದ ಕೈಯಲ್ಲೇ ಇವೆ. ಕೈಯಲ್ಲಿ ಇದ್ದದ್ದನ್ನು ಬಿಟ್ಟು ದೆಹಲಿಯ ಬಾಗಿಲು ತಟ್ಟುವವರಿಗೆ ಬೇಕಾಗಿರುವುದು ನಿಯಮವೋ, ಕಾಲಹರಣವೋ?

ಜಾತ್ರೆಯ ಮಾತು ಸುಮ್ಮನೆ ಎತ್ತಿದ್ದಲ್ಲ. ಬದನವಾಳಿನಂಥ ಊರಿನ ಹುಡುಗ ಬೆಂಗಳೂರಿನ ಇಂದಿರಾನಗರದ ಏಸಿ ಸ್ಟುಡಿಯೋಗೆ ಹೋಗಿ ಸಾವಿರಗಟ್ಟಲೆ ತೆತ್ತು ಹಚ್ಚೆ ಹಾಕಿಸಿಕೊಳ್ಳುವುದಿಲ್ಲ. ಅವನು ಹಾಕಿಸಿಕೊಳ್ಳುವುದು ನಂಜನಗೂಡು, ತಿ. ನರಸೀಪುರ ಸೀಮೆಯ ಜಾತ್ರೆಗಳಲ್ಲಿ. ಬಳೆ, ಪೀಪಿ, ಕಡ್ಲೆಪುರಿ ಅಂಗಡಿಗಳ ಸಾಲು ಮುಗಿಯುವ ಕಡೆ ನೆಲಕ್ಕೆ ಹಾಸಿದ ಟಾರ್ಪಾಲು. ಹಿಂದೆ ಕೋಲಿಗೆ ಕಟ್ಟಿದ ಫ್ಲೆಕ್ಸ್: ಚೇಳು, ತ್ರಿಶೂಲ, ಬಾಣ ನೆಟ್ಟ ಹೃದಯ, ಮೂಲೆಯಲ್ಲಿ ನಗುವ ಅಪ್ಪು. ಬೈಕಿನ ಹಳೇ ಬ್ಯಾಟರಿಗೆ ವೈರು ಸಿಕ್ಕಿಸಿದ ಮೆಷಿನ್ನು ಜೀರುಂಡೆಯ ಹಾಗೆ ಗುಂಯ್‌ಗುಡುತ್ತದೆ. ಪೌಡರ್ ಡಬ್ಬಿಯ ಮುಚ್ಚಳದಲ್ಲಿ ಇಂಕ್. ಒಬ್ಬನ ತೋಳಿನ ರಕ್ತ ಸೋಕಿದ ಸೂಜಿ ಅದೇ ಮುಚ್ಚಳಕ್ಕೆ ಅದ್ದಿಕೊಂಡು ಮುಂದಿನವನ ತೋಳಿಗೆ ಇಳಿಯುತ್ತದೆ. ಒರೆಸುವುದಕ್ಕೆ ಒಂದೇ ಬಟ್ಟೆ. ಬೆಳಿಗ್ಗೆ ಬೆಳ್ಳಗಿದ್ದ ಡೆಟಾಲ್ ನೀರು ತೇರು ಎಳೆಯುವ ಹೊತ್ತಿಗೆ ಮಸಿಯಾಗಿರುತ್ತದೆ. ಸಾಲಿನಲ್ಲಿ ನಿಂತವರು ಮೊಬೈಲ್‌ನಲ್ಲಿ ಹುಡುಗಿಯ ಹೆಸರಿನ ಸ್ಪೆಲಿಂಗ್ ಸರಿ ಇದೆಯೇ ಎಂದು ನೋಡಿಕೊಳ್ಳುತ್ತಿರುತ್ತಾರೆ. ಸೂಜಿಯನ್ನು ಯಾರೂ ನೋಡುವುದಿಲ್ಲ.

22 ಲೋಹಗಳ ಗದ್ದಲದಲ್ಲಿ ಮರೆತುಹೋದದ್ದು ಈ ಸೂಜಿಯೇ. ಆರ್ಸೆನಿಕ್ ಏನು ಮಾಡುತ್ತದೋ ಅದನ್ನು ನಿಧಾನಕ್ಕೆ ಮಾಡೀತು. ಹೆಪಟೈಟಿಸ್-ಬಿ ಅಷ್ಟು ಪುರಸೊತ್ತು ಕೊಡುವುದಿಲ್ಲ. ಆ ವೈರಸ್ಸು ಮೈಯಿಂದ ಹೊರಬಿದ್ದು ಒಣಗಿದ ರಕ್ತದಲ್ಲೂ ಏಳು ದಿನ ಬದುಕಿರಬಲ್ಲದು. ಸೋಮವಾರದ ಜಾತ್ರೆಯ ಸೂಜಿ ಶುಕ್ರವಾರದ ಸಂತೆಯಲ್ಲೂ ತನ್ನ ಕೆಲಸ ಮಾಡೀತು ಎಂದು ಇದರ ಅರ್ಥ. ಸೋಂಕಿತನ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ಅಂಟುವ ಸಾಧ್ಯತೆ ಸಾವಿರಕ್ಕೆ ಮೂರು ಎಂದು ವೈದ್ಯಶಾಸ್ತ್ರ ಲೆಕ್ಕ ಹಾಕುತ್ತದೆ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್-ಬಿ ಅಂಟುವ ಸಾಧ್ಯತೆ ನೂರಕ್ಕೆ ಆರರಿಂದ ಮೂವತ್ತು. ಮಕ್ಕಳ ಲಸಿಕಾ ಪಟ್ಟಿಗೆ ಈ ಚುಚ್ಚುಮದ್ದು ದೇಶದ ಎಲ್ಲ ರಾಜ್ಯಗಳಲ್ಲೂ ಸೇರಿದ್ದು 2011ರ ಹೊತ್ತಿಗೆ. ಜಾತ್ರೆಯಲ್ಲಿ ತೋಳು ಚಾಚಿ ಕೂತ ಇಪ್ಪತ್ತೈದರ ಹುಡುಗ ಹುಟ್ಟಿದ್ದು ಅದಕ್ಕೂ ಮುಂಚೆ. ಅವನ ಯಕೃತ್ತಿಗೂ ಆ ಮುಚ್ಚಳಕ್ಕೂ ನಡುವೆ ಏನೂ ಇಲ್ಲ.

ಹೊಸ ಸೂಜಿಯ ಬೆಲೆ? ಅದೇ ಜಾತ್ರೆಯ ಒಂದು ಪ್ಲೇಟ್ ಗೋಬಿಗಿಂತ ಹೆಚ್ಚಿಲ್ಲ.

ಇಷ್ಟು ಹೇಳಿದರೆ ಒಂದು ಗುಂಪು ಎದ್ದು ನಿಲ್ಲುತ್ತದೆ. ‘ನಮ್ಮವ್ವ ಮೈ ತುಂಬಾ ಅಚ್ಚೆ ಉಯ್ಯಿಸ್ಕೊಂಡಿದ್ಲು, ಎಂಬತ್ತು ವರ್ಷ ಬದುಕಿದ್ಲು, ಅವ್ಳಿಗೇನಾಯ್ತು?’ ಅವ್ವ ಬದುಕಿದ್ದಳು ನಿಜ. ಬದುಕದೇ ಹೋದವರ ಮೊಮ್ಮಕ್ಕಳು ವಾದಕ್ಕೆ ಬರುವುದಿಲ್ಲ, ಅಷ್ಟೇ. ಕೊರವಂಜಿ ಮನೆ ಜಗುಲಿಯಲ್ಲಿ ಕೂತು ದೀಪದ ಕಾಡಿಗೆಗೆ ಸೊಪ್ಪಿನ ರಸ ಕಲಸಿ, ನೋವು ಮರೆಸಲು ಹಾಡು ಹೇಳುತ್ತಾ ಒಂದೊಂದೇ ಚುಕ್ಕೆ ಇಟ್ಟದ್ದಕ್ಕೂ, ಮೆಷಿನ್ನು ನಿಮಿಷಕ್ಕೆ ಸಾವಿರಾರು ಸಲ ಚುಚ್ಚಿ ಹತ್ತು ನಿಮಿಷದಲ್ಲಿ ಮುಂದಿನವನನ್ನು ಕರೆಯುವುದಕ್ಕೂ ಹೋಲಿಕೆ ಎಲ್ಲಿಂದ ಬಂತು?

ಇನ್ನೊಂದು ಗುಂಪು ಇದಕ್ಕಿಂತ ಜಾಣ. ದೊಡ್ಡ ಸ್ಟುಡಿಯೋಗಳ ಮಾಲೀಕರಿಗೆ ಪರವಾನಗಿಯ ಸುದ್ದಿ ಕೇಳಿದ ಕೂಡಲೇ ಸಾರ್ವಜನಿಕ ಆರೋಗ್ಯದ ಮೇಲೆ ಪ್ರೀತಿ ಉಕ್ಕುತ್ತದೆ. ಅವರಿಗೆ ಬೇಕಾದ ನಿಯಮ ಯಾವುದು ಎಂದು ಊಹಿಸಲು ಕೊರವಂಜಿಯ ಕಣಿ ಬೇಡ: ಇಷ್ಟು ಚದರ ಅಡಿ ಜಾಗ, ಇಂಥ ಸರ್ಟಿಫಿಕೇಟು, ಜಿಎಸ್‌ಟಿ ನಂಬರು, ಆನ್‌ಲೈನ್ ಅರ್ಜಿ, ಪೊಲೀಸ್ ವೆರಿಫಿಕೇಶನ್. ಕೊನೆಯದನ್ನು ಓದುವಾಗ ಸ್ವಲ್ಪ ನಿಲ್ಲಬೇಕು. ಹಚ್ಚೆ ಹುಯ್ಯುವುದನ್ನು ತಲೆಮಾರುಗಳಿಂದ ಕಸುಬು ಮಾಡಿಕೊಂಡು ಬಂದವರು ಕೊರಚ, ಕೊರಮ ಹೆಂಗಸರು. 1871ರಲ್ಲಿ ಶುರುವಾದ ಬ್ರಿಟಿಷ್ ಕಾಯ್ದೆಗಳ ಬಲದಿಂದ ಹುಟ್ಟಾ ಅಪರಾಧಿಗಳೆಂಬ ಪಟ್ಟಿಗೆ ಸೇರಿಸಲ್ಪಟ್ಟ ಸಮುದಾಯಗಳಲ್ಲಿ ಅವರೂ ಇದ್ದರು. ಊರು ಬಿಟ್ಟು ಊರಿಗೆ ಹೋಗಲು ಠಾಣೆಯ ಅಪ್ಪಣೆ, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು. ಕಾಯ್ದೆ ರದ್ದಾದದ್ದು 1952ರಲ್ಲಿ. ಈಗ ಅವರ ಮೊಮ್ಮಗಳು ಸೂಜಿ ಹಿಡಿಯಲು ಮತ್ತೆ ಠಾಣೆಯ ಮೆಟ್ಟಿಲು ಹತ್ತಬೇಕೆಂದರೆ ಅದನ್ನು ಸುಧಾರಣೆ ಎಂದು ಕರೆಯಲು ಗಟ್ಟಿ ಮುಖ ಬೇಕು.

ಕೈಕಸುಬಿನವರ ಹೆಸರಿನಲ್ಲಿ ಈ ನಾಡು ಎಷ್ಟು ಸಲ ಕಣ್ಣೀರು ಹಾಕಿಲ್ಲ! ಬದನವಾಳನ್ನೇ ನೋಡಿ. ಅಲ್ಲಿನ ಖಾದಿ ಕೇಂದ್ರಕ್ಕೆ 1927ರಲ್ಲಿ ಗಾಂಧೀಜಿ ಬಂದು ಹೋದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿಯೇ ಸತ್ಯಾಗ್ರಹ ಕೂತು ಕೈಉತ್ಪನ್ನಗಳ ಬದುಕಿನ ಮಾತೆತ್ತಿದರು. 2022ರ ಅಕ್ಟೋಬರ್ 2ರಂದು ರಾಹುಲ್ ಗಾಂಧಿ ಭಾರತ್ ಜೋಡೋ ಯಾತ್ರೆಯ ನಡುವೆ ಬಂದು, 1993ರಲ್ಲಿ ಮೂವರು ದಲಿತರ ಕೊಲೆಯಾದಂದಿನಿಂದ ಕಾಲಿಡುವವರಿಲ್ಲದಿದ್ದ ಕೇರಿಗಳ ನಡುವಿನ ದಾರಿಗೆ ಬಣ್ಣ ಬಳಿದರು. ಕ್ಯಾಮೆರಾಗಳು ಬಂದವು, ಹೋದವು. ನೂಲುವ ಹೆಂಗಸರ ಕೂಲಿಯ ಪ್ರಶ್ನೆ ಮಾತ್ರ ಆ ಕೇಂದ್ರದ ಮಣ್ಣಿನ ಗೋಡೆಗಳ ಜೊತೆ ಉಳಿದುಕೊಂಡಿತು. ಕೈಯಿಂದ ದುಡಿಯುವವರನ್ನು ಹೊಗಳುವಾಗ ನಾಯಕರು ಹಳ್ಳಿಗೆ ಬರುತ್ತಾರೆ. ಅವರಿಗೆ ನಿಯಮ ಮಾಡುವಾಗ ವಿಕಾಸಸೌಧದ ಕೋಣೆಯೊಳಗೆ, ಕಸುಬು ಗೊತ್ತಿರುವ ಒಬ್ಬರನ್ನೂ ಕರೆಯದೆ ಮಾಡುತ್ತಾರೆ. ಹಚ್ಚೆಯ ವಿಷಯದಲ್ಲೂ ಬೇರೆಯಾದೀತು ಎಂದು ನಂಬಲು ಕಾರಣವೇ ಕಾಣುವುದಿಲ್ಲ.

ಬಿಗಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ನ್ಯೂಯಾರ್ಕ್‌ನ ಕಥೆ ಕೇಳಬೇಕು. ಹೆಪಟೈಟಿಸ್ ಹೆಸರಿನಲ್ಲಿ ಆ ನಗರ 1961ರಲ್ಲಿ ಹಚ್ಚೆಯನ್ನೇ ನಿಷೇಧಿಸಿತು. ಹಚ್ಚೆ ನಿಲ್ಲಲಿಲ್ಲ, ಅಂಗಡಿಯಿಂದ ಮನೆಗಳ ಹಿಂದಿನ ಕೋಣೆಗೆ ಹೋಯಿತು. 1997ರಲ್ಲಿ ನಗರವೇ ನಿಷೇಧ ವಾಪಸ್ ಪಡೆಯಿತು. ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟ್ 1992ರಲ್ಲಿ ಹಚ್ಚೆ ವೈದ್ಯರ ಕೆಲಸ ಎಂದು ತೀರ್ಪು ಕೊಟ್ಟಿತು. ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲಿನ ಹಚ್ಚೆಗಾರರು ಕದ್ದುಮುಚ್ಚಿ ಕೆಲಸ ಮಾಡಿದರು. ಅವರನ್ನು ಕಾನೂನಿನೊಳಗೆ ತರುವ ಮಸೂದೆ ಅಲ್ಲಿನ ಸಂಸತ್ತಿನಲ್ಲಿ ಪಾಸಾದದ್ದು 2025ರ ಸೆಪ್ಟೆಂಬರ್‌ನಲ್ಲಿ. ಐರೋಪ್ಯ ಒಕ್ಕೂಟ ಇಂಕ್‌ನಲ್ಲಿರುವ ಸುಮಾರು 4,000 ರಾಸಾಯನಿಕಗಳಿಗೆ ಮಿತಿ ಹಾಕಿದ್ದು 2022ರ ಜನವರಿಯಲ್ಲಿ, ಅದೂ ವರ್ಷಗಟ್ಟಲೆ ಚರ್ಚೆಯ ನಂತರ. ದೆಹಲಿಯ ಸಮಿತಿ ಅಷ್ಟು ರಾಸಾಯನಿಕಗಳ ಹೆಸರು ಓದಿ ಮುಗಿಸುವಷ್ಟರಲ್ಲಿ ಮುಡುಕುತೊರೆಯ ಜಾತ್ರೆಯಲ್ಲಿ ಎಷ್ಟು ತೇರು ಎಳೆದಿರುತ್ತಾರೋ!

ಇಷ್ಟರಲ್ಲಿ ಸರ್ಕಾರ ಏನೂ ಮಾಡಿಲ್ಲ ಎಂದರೆ ತಪ್ಪಾದೀತು. ಮಾಡಿದೆ, ಹಚ್ಚೆ ಹಾಕಿಸಿಕೊಂಡವನ ಮೇಲೆ. ಅವನು ರಕ್ತದಾನಕ್ಕೆ ಹೋದರೆ ಹನ್ನೆರಡು ತಿಂಗಳು ಬಿಟ್ಟು ಬಾ ಎನ್ನುತ್ತದೆ ರಾಷ್ಟ್ರೀಯ ಮಾರ್ಗಸೂಚಿ. ಸೇನಾ ಭರ್ತಿಗೆ ಹೋದರೆ ಮುಂಗೈಯ ಒಳಭಾಗದಲ್ಲೋ ಅಂಗೈಯ ಹಿಂಬದಿಯಲ್ಲೋ ಇದ್ದರೆ ಸರಿ, ತೋಳಿನ ಹೊರಮೈಯಲ್ಲಿ ಇದ್ದರೆ ಮನೆಗೆ ನಡೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಎಷ್ಟು ಹುಡುಗರ ತೋಳಿನ ಮೇಲೆ ಅಪ್ಪು ಮೂಡಿಬಂದರೋ, ಅವರಲ್ಲಿ ಸೈನ್ಯದ ಕನಸು ಕಂಡವರಿಗೆ ಈ ನಿಯಮ ಗೊತ್ತಾದದ್ದು ಭರ್ತಿ ಮೈದಾನದಲ್ಲಿ ಅಂಗಿ ಬಿಚ್ಚಿದಾಗ. ಹಾಕಿಸಿಕೊಂಡವನಿಗೆ ಇಷ್ಟು ನಿಯಮ. ಹಾಕುವವನಿಗೆ ಸೊನ್ನೆ.

ಕಿವಿ ಚುಚ್ಚುವವರದ್ದೂ ಇದೇ ಪಾಡು. ಆಚಾರಿ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಚಿನ್ನದ ತಂತಿ ಕಾಯಿಸಿ ಚುಚ್ಚುತ್ತಿದ್ದ ಕಾಲ ಸರಿದು ಪಾರ್ಲರು, ಫ್ಯಾನ್ಸಿ ಸ್ಟೋರುಗಳಲ್ಲಿ ‘ಗನ್ ಶಾಟ್’ ಬಂದಿದೆ. ಪ್ಲಾಸ್ಟಿಕ್ಕಿನ ಆ ಗನ್ನನ್ನು ಆಟೊಕ್ಲೇವ್‌ನಲ್ಲಿ ಬೇಯಿಸಿದರೆ ಕರಗುತ್ತದೆ, ಆದ್ದರಿಂದ ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ ಮುಂದಿನ ಕಿವಿಗೆ ಹಿಡಿಯುತ್ತಾರೆ. ಒರೆಸುವುದು ಕ್ರಿಮಿಶುದ್ಧಿ ಆಗುವುದಿಲ್ಲ ಎಂದು ಅವರಿಗೆ ಹೇಳಿಕೊಟ್ಟವರು ಯಾರು? ಕ್ರಿಮಿಶುದ್ಧಿಗೆ 121 ಡಿಗ್ರಿ ಬಿಸಿ, ಕಾಲು ಗಂಟೆ ಬೇಕು. ಅಷ್ಟು ಬಿಸಿ ಮನೆಯ ಕುಕ್ಕರಿನಲ್ಲೂ ಬರುತ್ತದೆ. ತಿಳಿವಳಿಕೆ ಮಾತ್ರ ತಾನಾಗಿ ಬರುವುದಿಲ್ಲ.

ದಾರಿ ಇಲ್ಲದೇ ಇಲ್ಲ. ವೇಲ್ಸ್‌ನಲ್ಲಿ 2024ರ ನವೆಂಬರ್ 29ರಿಂದ ಹಚ್ಚೆ, ಕಿವಿ-ಮೂಗು ಚುಚ್ಚುವುದು, ಅಕ್ಯುಪಂಕ್ಚರ್, ಎಲೆಕ್ಟ್ರಾಲಿಸಿಸ್ ನಾಲ್ಕಕ್ಕೂ ಪರವಾನಗಿ ಕಡ್ಡಾಯ. ಸೋಂಕು ತಡೆಯುವ ತರಬೇತಿ ಮುಗಿಸಿದವರಿಗೆ ಸ್ಥಳೀಯ ಆಡಳಿತವೇ ಕೊಡುತ್ತದೆ. ಮೇಳಗಳಿಗೆಂದೇ ಏಳು ದಿನದ ತಾತ್ಕಾಲಿಕ ಪರವಾನಗಿಯೂ ಉಂಟು. ಏಳು ದಿನ! ನಮ್ಮ ಜಾತ್ರೆಗಳನ್ನು ನೋಡಿಯೇ ಬರೆದಂತಿದೆ. ನಮ್ಮಲ್ಲಿ ಅದಕ್ಕೆ ಹೊಸ ಕಚೇರಿಯೂ ಬೇಡ. ಸಂತೆ, ಜಾತ್ರೆಯ ಸುಂಕ ಹರಾಜಾಗುತ್ತದೆ, ಹರಾಜು ಹಿಡಿದವನು ಟಾರ್ಪಾಲಿನಿಂದ ಟಾರ್ಪಾಲಿಗೆ ನಡೆದು ರಸೀದಿ ಹರಿದು ದುಡ್ಡು ಕೀಳುತ್ತಾನೆ. ಹಚ್ಚೆಯವರನ್ನು ಅವನು ಎಂದೂ ತಪ್ಪಿಸಿಲ್ಲ. ದುಡ್ಡಿಗೆ ಸಿಗುವ ಟಾರ್ಪಾಲು ಆರೋಗ್ಯ ನಿರೀಕ್ಷಕರ ಕಣ್ಣಿಗೆ ಮಾತ್ರ ಯಾಕೆ ಬೀಳುವುದಿಲ್ಲ? 2025ರ ಫೆಬ್ರವರಿ 10ರಿಂದ 12ರವರೆಗೆ ತಿ. ನರಸೀಪುರದ ತ್ರಿವೇಣಿ ಸಂಗಮದ ಕುಂಭಮೇಳಕ್ಕೆ ಇಡೀ ಜಿಲ್ಲಾಡಳಿತವೇ ಟೊಂಕ ಕಟ್ಟಿ ನಿಂತಿತ್ತು. ಅಷ್ಟು ದೊಡ್ಡ ಜನಸಾಗರವನ್ನು ನಿಭಾಯಿಸಬಲ್ಲ ಆಡಳಿತಕ್ಕೆ ಸುಂಕದ ರಸೀದಿಯ ಹಿಂದೆ ನಾಲ್ಕು ಸಾಲು ಅಚ್ಚು ಹಾಕಿಸುವುದು ಕಷ್ಟವೇ? ಒಬ್ಬರಿಗೆ ಒಂದೇ ಸೂಜಿ, ಅದೂ ಗಿರಾಕಿಯ ಕಣ್ಣೆದುರೇ ಪ್ಯಾಕೆಟ್ ಒಡೆದು. ಒಬ್ಬರಿಗೆ ಒಂದು ಮುಚ್ಚಳ ಇಂಕ್. ಬಳಸಿದ ಸೂಜಿ ಗಟ್ಟಿ ಡಬ್ಬಿಗೆ. ಹದಿನೆಂಟು ತುಂಬದವರಿಗೆ ಹಚ್ಚೆ ಇಲ್ಲ.

ಸೂಜಿಯನ್ನು ಪಂಚಾಯಿತಿಯೇ ಸುಂಕದ ದುಡ್ಡಿನಲ್ಲಿ ಕೊಂಡು ಕೊಡಲಿ. ಹಚ್ಚೆ ಹುಯ್ಯುವ ಹೆಂಗಸರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆಸಿ ಒಂದು ದಿನ ಕೂರಿಸಿ ಹೇಳಿಕೊಡಲಿ, ಹೆಪಟೈಟಿಸ್-ಬಿ ಲಸಿಕೆ ಮೊದಲು ಅವರಿಗೇ ಹಾಕಲಿ. ದಿನಕ್ಕೆ ಹತ್ತಾರು ಜನರ ರಕ್ತ ಮುಟ್ಟುವವರು ಅವರೇ ತಾನೆ? ಮೂರು ಡೋಸಿನ ಲಸಿಕೆ ಅದು. ಮೊದಲನೆಯದಾದ ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಗೌರಿ ಹಬ್ಬಕ್ಕೆ ಮುಂಚೆ ಶುರು ಮಾಡಿದರೆ ನಂಜನಗೂಡಿನ ದೊಡ್ಡ ಜಾತ್ರೆಯ ಹೊತ್ತಿಗೆ ಮೂರೂ ಮುಗಿದಿರುತ್ತವೆ.