ಹಣದ ಹಿಂದೆ ಯಾರು ನಿಂತಿದ್ದಾರೆ?

ಕಳೆದ ವಾರ ಬೆಳಗ್ಗಿನ ಮದ್ರಸ ಬಿಟ್ಟು ಮಕ್ಕಳೆಲ್ಲ ಹೋಗಿ ಆಗಿತ್ತು. ವಿದ್ಯಾರ್ಥಿಯೊಬ್ಬನ ಉಮ್ಮ ಬಾಗಿಲ ಬಳಿ ನಿಂತಿದ್ದರು. ಗಂಡ ಸೌದಿಯಲ್ಲಿ ಡ್ರೈವರ್, ಇವರು ಮನೆಯಲ್ಲಿ ಬೀಡಿ ಕಟ್ಟುವವರು. "ಉಸ್ತಾದ್, ನನ್ನ ತಮ್ಮ ಒಂದು ಕಾಯಿನ್ ವಿಷಯ ಹೇಳ್ತಿದ್ದಾನೆ. ಎರಡು ಲಕ್ಷ ಹಾಕಿದ್ರೆ ತಿಂಗಳಿಗೆ ಹದಿನೈದು ಸಾವಿರ ಬರ್ತದಂತೆ. ಬಡ್ಡಿ ಅಲ್ಲವಂತೆ, ಲಾಭವಂತೆ. ಬಳೆ ಮಾರಿ ಹಾಕುವಾ ಅಂತ ಉಂಟು. ಇದು ಹಲಾಲಾ?" ಎಂದು ಕೇಳಿದರು.

ಅದೇ ದಿನ ಅಸರ್ ನಮಾಝ್ ಮುಗಿಸಿ ಮಸೀದಿ ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದಾಗ ಹಿರಿಯ ಅಡಿಕೆ ವ್ಯಾಪಾರಿಯೊಬ್ಬರು ಇನ್ನೊಂದು ತುದಿಯ ಮಾತು ಹೇಳಿದರು. "ಫೋನಿನ ಒಳಗಿನ ಹಣ ಎಲ್ಲಾ ಒಂದೇ ಮಾರಾಯ್ರೆ. ಇವತ್ತು ಕಾಣ್ತದೆ, ನಾಳೆ ಇಲ್ಲ." ಅವರು ಇಂದಿಗೂ ಗೂಗಲ್ ಪೇ ಹಾಕಿಸಿಕೊಂಡಿಲ್ಲ. ಬ್ಯಾಂಕಿಗೆ ಹೋಗಿ ಚೀಟಿ ಬರೆದೇ ಹಣ ತೆಗೆಯುವವರು.

ಇಬ್ಬರಿಗೂ ಸಂಶಯ ಇದೆ. ಹಿರಿಯರ ಸಂಶಯ ಎಲ್ಲದರ ಮೇಲೂ ಇದೆ. ಆ ತಾಯಿಯ ಸಂಶಯ ಮಾತ್ರ 'ಹೇಳಿದವನು ನನ್ನ ತಮ್ಮ' ಎಂಬ ಒಂದೇ ಕಾರಣಕ್ಕೆ ಸೋಲುವುದರಲ್ಲಿತ್ತು. ಡಿಜಿಟಲ್ ಹಣದ ಬಗ್ಗೆ ನಮ್ಮ ಜನರಿಗೆ ಅಪನಂಬಿಕೆ ಜಾಸ್ತಿ ಎಂದು ಕಲಿತ ಯುವಕರು ನಗುತ್ತಾರೆ. ನಗಬೇಕಾದ ವಿಷಯ ಇದಲ್ಲ. ಸಂಶಯ ಪಡುವುದು ತಪ್ಪಲ್ಲ, ಎಲ್ಲಿ ಪಡಬೇಕೋ ಅಲ್ಲಿ ಪಡದೆ ಇರುವುದು ತಪ್ಪು.

ನಾನು ಅರ್ಥಶಾಸ್ತ್ರಜ್ಞನಲ್ಲ, ಪಿಯುಸಿ ಓದಿ ದರ್ಸ್‌ಗೆ ಹೋದವನು. ಆದರೂ ಒಂದು ಮಾತು ಅರ್ಥವಾಗಿದೆ. ಹಣ ಕಾಗದದ್ದೋ, ಲೋಹದ್ದೋ, ಫೋನಿನದ್ದೋ ಎಂಬುದು ಮುಖ್ಯವಲ್ಲ. ಅದರ ಹಿಂದೆ ಜವಾಬ್ದಾರಿ ಹೊತ್ತು ಯಾರು ನಿಂತಿದ್ದಾರೆ ಎಂಬುದೇ ಮುಖ್ಯ.

ಇದಕ್ಕೆ ನಮ್ಮ ಗಲ್ಫ್ ಮನೆಗಳಿಗೆ ಹತ್ತಿರದ ಒಂದು ಚರಿತ್ರೆ ಉಂಟು. ಒಂದು ಕಾಲದಲ್ಲಿ ಕುವೈತ್, ಬಹರೈನ್, ಕತರ್, ದುಬೈಗಳಲ್ಲಿ ನಡೆಯುತ್ತಿದ್ದದ್ದು ನಮ್ಮ ರೂಪಾಯಿ. ಚಿನ್ನದ ಕಳ್ಳಸಾಗಣೆಯಿಂದ ಭಾರತದ ವಿದೇಶಿ ವಿನಿಮಯ ಸೋರುತ್ತಿದ್ದ ಕಾರಣ 1959ರಲ್ಲಿ ರಿಸರ್ವ್ ಬ್ಯಾಂಕ್ ಅಲ್ಲಿಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿತು. ಅದಕ್ಕೆ ಗಲ್ಫ್ ರೂಪಾಯಿ ಎಂಬ ಹೆಸರು. 1961ರಲ್ಲಿ ಕುವೈತ್, 1965ರಲ್ಲಿ ಬಹರೈನ್ ತಮ್ಮದೇ ದೀನಾರ್ ಮಾಡಿಕೊಂಡವು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ರೂಪಾಯಿ ಇದ್ದದ್ದು 7.50 ಆಯಿತು. ಅದೇ ವರ್ಷ ಕತರ್ ಮತ್ತು ದುಬೈ ಕೂಡಾ ರೂಪಾಯಿ ಬಿಟ್ಟವು. ನೋಟಿನ ಕಾಗದ ಅದೇ, ಮುದ್ರೆ ಅದೇ. ಹಿಂದೆ ನಿಂತವರ ಮೇಲಿನ ಭರವಸೆ ಮಾತ್ರ ಕಡಿಮೆಯಾಗಿತ್ತು. ಸರಕಾರದ ಹಣಕ್ಕೇ ಹೀಗಾದರೆ, ಹಿಂದೆ ಯಾರೂ ನಿಲ್ಲದ ಹಣದ ಕತೆ ಏನು?

ಈಗ ಫೋನಿನ ಹಣ ಎಂದು ನಾವು ಒಟ್ಟಿಗೆ ಕಟ್ಟಿಹಾಕುವ ಮೂರು ಬೇರೆ ಬೇರೆ ವಸ್ತುಗಳನ್ನು ಬಿಡಿಸಿ ನೋಡೋಣ.

ಮೊದಲನೆಯದು 2016ರಲ್ಲಿ ಬಂದ ಯುಪಿಐ. ಗೂಗಲ್ ಪೇ, ಫೋನ್ ಪೇ ಎಲ್ಲ ಇದರ ಮೇಲೆಯೇ ಓಡುವುದು. ಇದು ಬೇರೆ ಕರೆನ್ಸಿ ಅಲ್ಲವೇ ಅಲ್ಲ. ಬ್ಯಾಂಕಿನಲ್ಲಿರುವ ನಿಮ್ಮ ರೂಪಾಯಿಯನ್ನು ದಾಟಿಸುವ ದಾರಿ, ಅಷ್ಟೆ. ಹಿಂದೆ ಬ್ಯಾಂಕ್ ಇದೆ. ಬ್ಯಾಂಕೇ ಮುಳುಗಿದರೂ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ. ಇದರಲ್ಲಿ ಮೋಸ ಆಗುವುದಿಲ್ಲವೆಂದಲ್ಲ. ಆದರೆ ಹೆಚ್ಚಾಗಿ ಮೋಸ ಮಾಡುವುದು ಒಟಿಪಿ ಕೇಳುವ ಮನುಷ್ಯ, ಹಣವಲ್ಲ.

ಎರಡನೆಯದು ಡಿಜಿಟಲ್ ರೂಪಾಯಿ, ಅಂದರೆ ಇ-ರೂಪಾಯಿ. 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕ್ ಇದನ್ನು ಜನಸಾಮಾನ್ಯರಿಗೆ ಪ್ರಾಯೋಗಿಕವಾಗಿ ಬಿಟ್ಟದ್ದು. ಮೊದಲು ಬಂದ ನಾಲ್ಕು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ಕಿಸೆಯಲ್ಲಿರುವ ನೋಟಿನ ಹಾಗೆಯೇ ಇದಕ್ಕೂ ರಿಸರ್ವ್ ಬ್ಯಾಂಕೇ ಹೊಣೆ. ಅದು ಫೋನಿನಲ್ಲಿರುತ್ತದೆ ಎಂಬುದೊಂದೇ ವ್ಯತ್ಯಾಸ. ಇಟ್ಟರೆ ಬಡ್ಡಿ ಬರುವುದಿಲ್ಲ. ನಮ್ಮ ಮನೆಗಳಿಗೆ ಇದು ಗಮನಿಸಬೇಕಾದ ವಿಷಯ.

ಮೂರನೆಯದು ಬಿಟ್‌ಕಾಯಿನ್‌ನಂತಹ ಕ್ರಿಪ್ಟೊ. ಸತೋಷಿ ನಕಾಮೊಟೊ ಎಂಬ ಹೆಸರಿನಲ್ಲಿ ಯಾರೋ ಬರೆದು 2009ರಲ್ಲಿ ಶುರು ಮಾಡಿದ್ದು. ಆ ವ್ಯಕ್ತಿ ಯಾರೆಂದು ಇಂದಿಗೂ ಖಚಿತವಾಗಿಲ್ಲ. ಒಟ್ಟು 2.1 ಕೋಟಿಗಿಂತ ಹೆಚ್ಚು ಬಿಟ್‌ಕಾಯಿನ್ ಆಗದ ಹಾಗೆ ನಿಯಮ ಮಾಡಿದ್ದಾರೆ. ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿದೆ, ತಿದ್ದುವುದು ಬಹಳ ಕಷ್ಟ. ಕೆಲಸ ಜಾಣತನದ್ದೇ, ಒಪ್ಪಬೇಕು. ಆದರೆ ಅದರ ಹಿಂದೆ ಸರಕಾರ ಇಲ್ಲ, ಬ್ಯಾಂಕ್ ಇಲ್ಲ, ಚಿನ್ನ ಇಲ್ಲ. ಇನ್ನೊಬ್ಬ ಖರೀದಿಸುವವನಿದ್ದರೆ ಬೆಲೆ, ಇಲ್ಲದಿದ್ದರೆ ಇಲ್ಲ. 2021ರ ನವೆಂಬರ್‌ನಲ್ಲಿ ಒಂದು ಬಿಟ್‌ಕಾಯಿನ್ ಸುಮಾರು 69 ಸಾವಿರ ಡಾಲರ್ ಇತ್ತು. ಒಂದೇ ವರ್ಷದಲ್ಲಿ 16 ಸಾವಿರದ ಹತ್ತಿರಕ್ಕೆ ಬಂತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ಡಾಲರ್ ದಾಟಿತು. ಲಾಭ ಮಾಡಿದವರು ಇಲ್ಲ ಎಂದರೆ ಸುಳ್ಳಾಗುತ್ತದೆ, ಇದ್ದಾರೆ. ಆದರೆ ಹೀಗೆ ಏರಿಳಿಯುವ ವಸ್ತುವಿನಲ್ಲಿ ಮಗಳ ಮದುವೆಯ ಹಣ ಇಡುವುದು ಹೇಗೆ?

ಕಾಯಿನ್ ಉಳಿದರೂ ಅದನ್ನು ಇಟ್ಟುಕೊಂಡ ಅಂಗಡಿ ಮುಚ್ಚಬಹುದು. 2014ರಲ್ಲಿ ಜಪಾನಿನ ಮೌಂಟ್ ಗಾಕ್ಸ್ ಬಿತ್ತು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಬಿತ್ತು, ಅದರ ಮಾಲಕ ಈಗ ಅಮೆರಿಕದ ಜೈಲಿನಲ್ಲಿದ್ದಾನೆ. 2024ರ ಜುಲೈನಲ್ಲಿ ನಮ್ಮದೇ ದೇಶದ ವಝೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳವಾಯಿತು. ಅದರಲ್ಲಿ ಹಣ ಇಟ್ಟವರು ತಿಂಗಳುಗಟ್ಟಲೆ ತೆಗೆಯಲಾಗದೆ ಕಾದರು. ಠೇವಣಿ ವಿಮೆ ಅವರಿಗೆ ಇರಲಿಲ್ಲ.

"ಸರಕಾರವೇ 30 ಶೇಕಡಾ ತೆರಿಗೆ ಹಾಕಿದೆ ಅಲ್ವಾ, ಅಂದ ಮೇಲೆ ಸರಿ ಇದೆ ತಾನೇ?" ಎಂದು ಕೇಳುವವರಿದ್ದಾರೆ. 2022ರ ಬಜೆಟ್‌ನಲ್ಲಿ ತೆರಿಗೆ ಬಂದದ್ದು ಹೌದು. ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಹಾಕಿದ್ದ ನಿರ್ಬಂಧವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತೆಗೆದು ಹಾಕಿದ್ದೂ ಹೌದು. ಆದರೆ ಲಾಭಕ್ಕೆ ತೆರಿಗೆ ಹಾಕುವುದು ಬೇರೆ, ನಿಮ್ಮ ಹಣಕ್ಕೆ ಜಾಮೀನು ನಿಲ್ಲುವುದು ಬೇರೆ. ಸರಕಾರ ಮಾಡಿದ್ದು ಮೊದಲನೆಯದನ್ನು ಮಾತ್ರ.

ಆ ತಾಯಿಗೆ ಹೇಳಿದ 'ಕಾಯಿನ್' ಈ ಮೂರರಲ್ಲಿ ಯಾವುದೂ ಅಲ್ಲದೆ ಇರುವ ಸಾಧ್ಯತೆಯೇ ಹೆಚ್ಚು. ಬಲ್ಗೇರಿಯದಿಂದ 2014ರಲ್ಲಿ ಹೊರಟ ವನ್‌ಕಾಯಿನ್ ಎಂಬುದರಲ್ಲಿ ನಿಜವಾದ ಕಾಯಿನ್ ಇರಲೇ ಇಲ್ಲ. ಬಂಧುಗಳು ಬಂಧುಗಳಿಗೆ ಹೇಳುತ್ತಾ ಅದು ಲೋಕವಿಡೀ ಹರಡಿತು. ನಡೆಸುತ್ತಿದ್ದ ರುಜಾ ಇಗ್ನಾಟೋವಾ 2017ರಲ್ಲಿ ವಿಮಾನ ಹತ್ತಿ ಮಾಯವಾದರು. ಇನ್ನೂ ಸಿಕ್ಕಿಲ್ಲ. ಇನ್ನು ಹಲಾಲ್ ಎಂಬ ಹೆಸರು ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಮುಚ್ಚಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳು ರಸ್ತೆಗೆ ಬಂದವು. ಅಲ್ಲಿ ಕ್ರಿಪ್ಟೊ ಇರಲಿಲ್ಲ. ನಂಬಿಕೆ ಇತ್ತು, ಮಾಸಿಕ 'ಲಾಭ' ಇತ್ತು, ಲೆಕ್ಕ ಕೇಳುವವರು ಕಡಿಮೆ ಇದ್ದರು.

ಇಲ್ಲಿ ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಊರಿನಲ್ಲಿ ನಡೆದ ಒಂದು ಸಣ್ಣ ಚೀಟಿಯ ಬಗ್ಗೆ ಒಬ್ಬರು ಕೇಳಿದಾಗ, "ಬಡ್ಡಿ ಇಲ್ಲದಿದ್ದರೆ ತೊಂದರೆ ಇಲ್ಲ" ಎಂದು ಹೇಳಿ ಕಳುಹಿಸಿದ್ದೆ. ಯಾರು ನಡೆಸುವುದು, ಲೆಕ್ಕ ಎಲ್ಲಿದೆ ಎಂದು ಕೇಳಲಿಲ್ಲ. ಅವರ ಹಣ ಹೋಯಿತು. ಅವರು ನನ್ನನ್ನು ದೂರಲಿಲ್ಲ. ದೂರಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು.

ಹಾಗಾಗಿ 'ಹಲಾಲಾ' ಎಂಬ ಪ್ರಶ್ನೆಗೆ ಒಂದು ಪದದ ಉತ್ತರ ಕೊಡಲು ಈಗ ಹೆದರುತ್ತೇನೆ. ಕ್ರಿಪ್ಟೊ ಬಗ್ಗೆ ಉಲಮಾಗಳಲ್ಲೇ ಭಿನ್ನಾಭಿಪ್ರಾಯವಿದೆ. ಈಜಿಪ್ಟಿನ ಗ್ರ್ಯಾಂಡ್ ಮುಫ್ತಿಯವರು 2018ರಲ್ಲಿ ಬಿಟ್‌ಕಾಯಿನ್ ಸಲ್ಲದು ಎಂದರು. ಇಂಡೊನೇಷ್ಯಾದ ಉಲಮಾ ಮಂಡಳಿ 2021ರಲ್ಲಿ ಕರೆನ್ಸಿಯಾಗಿ ಬಳಸುವುದು ಹರಾಮ್ ಎಂದಿತು. ಮಲೇಷ್ಯಾದ ಷೇರು ನಿಯಂತ್ರಣ ಸಂಸ್ಥೆಯ ಶರೀಅತ್ ಸಲಹಾ ಮಂಡಳಿ ಷರತ್ತುಗಳೊಂದಿಗೆ ವ್ಯಾಪಾರಕ್ಕೆ ಅನುಮತಿ ಕೊಟ್ಟಿದೆ. ಆದರೆ ಮೂವರೂ ತೂಗುವುದು ಗರರ್ ಎಂಬುದನ್ನೇ, ಅಂದರೆ ಏನು ಕೊಳ್ಳುತ್ತಿದ್ದೇವೆ, ಏನಾದೀತು ಎಂದು ಗೊತ್ತಿಲ್ಲದ ಅನಿಶ್ಚಿತತೆಯನ್ನು. ಕುರ್‌ಆನಿನ ಅತಿ ಉದ್ದದ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ನಂಬಿಕೆ ಇದ್ದವರ ನಡುವೆಯೂ ಬರಹ ಬೇಕು, ಸಾಕ್ಷಿ ಬೇಕು ಎಂಬುದು ನಾವೇ ಮಕ್ಕಳಿಗೆ ಕಲಿಸುವ ಪಾಠ.

ಇ-ರೂಪಾಯಿಯ ಬಗ್ಗೆಯೂ ಪ್ರಶ್ನೆ ಇರಬಾರದು ಎಂದಲ್ಲ. ನಾನು ಯಾರಿಗೆ ಎಷ್ಟು ಕೊಟ್ಟೆ ಎಂಬುದು ಯಾರ ಕಣ್ಣಿಗೆ ಬೀಳುತ್ತದೆ? ಇಂತಹದ್ದಕ್ಕೆ ಮಾತ್ರ ಖರ್ಚು ಮಾಡಬಹುದು ಎಂದು ಹಣಕ್ಕೇ ಷರತ್ತು ಹಾಕುವ ತಂತ್ರವೂ ಅದರಲ್ಲಿದೆ, ಅದನ್ನು ಎಲ್ಲಿಯವರೆಗೆ ಬಳಸುತ್ತಾರೆ? ಫೋನ್ ಇಲ್ಲದ ಅಜ್ಜಿಯ ಗತಿ ಏನು? 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದ ಮೇಲೆ ಬ್ಯಾಂಕಿನ ಎದುರು ಸಾಲು ನಿಂತವರಿಗೆ ಈ ಪ್ರಶ್ನೆ ಕೇಳುವ ಹಕ್ಕು ಪೂರ್ತಿ ಉಂಟು. ಜನ ಉತ್ಸಾಹ ತೋರಿಸದಿದ್ದರೆ ಅದು ಅವರ ಅಜ್ಞಾನ ಅಲ್ಲ. ಉತ್ತರ ಕೊಡಬೇಕಾದದ್ದು ಹಣ ಹೊರಡಿಸುವವರು. ಇಲ್ಲಿ ಕೇಳಲು ಒಂದು ವಿಳಾಸವಾದರೂ ಇದೆ. ಕ್ರಿಪ್ಟೊಗೆ ಅದೂ ಇಲ್ಲ.

ಮುಂದೇನು ಎಂದು ಹೇಳಲು ನಾನು ಯಾರು? 2021ರಲ್ಲಿ ಎಲ್ ಸಾಲ್ವಡಾರ್ ದೇಶ ಬಿಟ್‌ಕಾಯಿನನ್ನು ಅಧಿಕೃತ ಹಣ ಮಾಡಿತು. ಜನ ದಿನದ ವ್ಯವಹಾರಕ್ಕೆ ಅಷ್ಟಾಗಿ ಬಳಸಲಿಲ್ಲ. 2025ರಲ್ಲಿ ಕಾನೂನು ಸಡಿಲಿಸಿ, ಬೇಕಾದವರು ತೆಗೆದುಕೊಳ್ಳಿ ಎಂದು ಬಿಟ್ಟಿತು. ಕಾನೂನಿನಿಂದ ಹಣ ಹುಟ್ಟಿಸಬಹುದು, ಭರವಸೆ ಹುಟ್ಟಿಸಲು ಆಗುವುದಿಲ್ಲ ಎಂಬುದಕ್ಕೆ ಈ ಉದಾಹರಣೆ ಸಾಕು.

ನಮ್ಮ ಮನೆಗಳಲ್ಲಿ ಯಾರಾದರೂ 'ಕಾಯಿನ್' ಎಂದು ಬಂದರೆ ನಾಲ್ಕು ಮಾತು ಕೇಳೋಣ. ಇದರ ಹಿಂದೆ ಯಾರಿದ್ದಾರೆ, ಅವರ ಹೆಸರು ವಿಳಾಸ ಏನು? ಲಾಭ ಎಲ್ಲಿಂದ ಬರುತ್ತದೆ, ವ್ಯಾಪಾರದಿಂದಲೋ ಅಥವಾ ಹಿಂದಿನಿಂದ ಸೇರುವವನ ಹಣದಿಂದಲೋ? ನಾಳೆ ಬೆಳಗ್ಗೆ ಪೂರ್ತಿ ಹಣ ವಾಪಸ್ ಬೇಕೆಂದರೆ ಸಿಗುತ್ತದಾ? ಮೋಸವಾದರೆ ಯಾರ ಮೇಲೆ ದೂರು ಕೊಡುವುದು? ಒಂದಕ್ಕೂ ಉತ್ತರ ಸಿಗದಿದ್ದರೆ ಬಳೆ ಕೈಯಲ್ಲೇ ಇರಲಿ. ಹಣ ಈಗಾಗಲೇ ಹೋಗಿದ್ದರೆ ನಾಚಿಕೆಯಿಂದ ಮುಚ್ಚಿಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಸಿಗುವುದು ಕಷ್ಟ.

ಜಮಾಅತ್ ಕಮಿಟಿಯವರಲ್ಲಿ ಮತ್ತು ನನ್ನ ಹಾಗಿನ ಉಸ್ತಾದರಲ್ಲಿ ಒಂದು ವಿನಂತಿ. ಇಂತಹ ಯೋಜನೆಗಳ ಉದ್ಘಾಟನೆಗೆ ದುಆ ಮಾಡಲು ಹೋಗುವ ಮೊದಲು ಇದೇ ನಾಲ್ಕು ಪ್ರಶ್ನೆ ಕೇಳಿ. ನಮ್ಮ ಟೊಪ್ಪಿ ನೋಡಿ ಹಣ ಹಾಕುವವರಿದ್ದಾರೆ.

ಆ ತಾಯಿಗೂ ಇದನ್ನೇ ಹೇಳಿದೆ. "ಕೇಳಿದ್ರೆ ತಮ್ಮನಿಗೆ ಬೇಜಾರಾಗ್ತದೆ ಉಸ್ತಾದ್" ಎಂದರು. ಆಗಲಿ. ತಮ್ಮನ ಬೇಜಾರು ಮುಂದಿನ ಪೆರ್ನಾಲ್‌ಗೆ ಹೋದೀತು. ಹೋದ ಬಳೆ ಬರುವುದಿಲ್ಲ.