ಮಾಮೂಲು ಎಂಬ ಮಾಯೆ

ಲಂಚಕ್ಕೆ ಜನರು ‘ಮಾಮೂಲು’ ಎಂದು ಹೆಸರಿಟ್ಟಿದ್ದಾರೆ. ಪಾಪಕ್ಕೆ ಸೌಮ್ಯವಾದ ಹೆಸರು ದೊರೆತರೆ ಮನಸ್ಸು ಅಂಜುವುದಿಲ್ಲ. 2018ರ ಕಾನೂನು ತಿದ್ದುಪಡಿಯಂತೆ ಲಂಚ ಕೊಡುವವನೂ ಅಪರಾಧಿ. ಒತ್ತಾಯಕ್ಕೆ ಸಿಲುಕಿ ಕೊಟ್ಟವನು 7 ದಿನಗಳೊಳಗೆ ದೂರಿತ್ತರೆ ಮಾತ್ರ ವಿನಾಯಿತಿ. 2022ರಲ್ಲಿ ಕರ್ನಾಟಕ ಹೈಕೋರ್ಟು ಭ್ರಷ್ಟಾಚಾರ ನಿಗ್ರಹ ದಳವನ್ನು ರದ್ದುಪಡಿಸಿ, ಲೋಕಾಯುಕ್ತ ಪೊಲೀಸರಿಗೆ ಅಧಿಕಾರ ಮರಳಿಸಿತು. ಆದರೆ ಮೇಜಿನ ಕೆಳಗೆ ಚಾಚುವ ಕೈಯನ್ನು ಕಾನೂನೊಂದೇ ತಡೆಯಲಾರದು, ಅಂತರಂಗವೂ ಎಚ್ಚರಿರಬೇಕು.

ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಶರಣೆ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ‘ಈ ಹಣ ಎಲ್ಲಿಯದು?’ ಎಂದು ಮನೆಯವರು ಕೇಳಿದರೆ ನೌಕರನ ಕೈ ತಾನಾಗಿ ಹಿಂಜರಿಯುತ್ತದೆ. ಮಠದವರಾದ ನಾವೂ ಕೇಳಬೇಕು: ಈ ಕಾಣಿಕೆ ಕಾಯಕದ್ದೋ, ಮಾಮೂಲಿನದೋ? ಕೇಳದೆ ಹರಸಿದರೆ ನಾವೂ ಅದರಲ್ಲಿ ಪಾಲುದಾರರೇ.