ನಮ್ಮ ಗೋಣಿಯ ಬದಿಯಲ್ಲಿ ಇನ್ನೊಬ್ಬನ ಚೀಲ

ಕಳೆದ ವರ್ಷ ಮಳೆ ಹಿಡಿಯುವ ಮೊದಲು ಪಣಿಯೂರು ಕಾಳುಮೆಣಸಿನ ಬಳ್ಳಿ ತರಲೆಂದು ನೆರೆಮನೆಯವರೊಟ್ಟಿಗೆ ಕೇರಳಕ್ಕೆ ಹೋಗಿದ್ದೆ. ವಾಪಸು ಬರುವಾಗ ಕಣ್ಣೂರಿನಲ್ಲಿ ರೈಲು ಹತ್ತಿ ಎರಡು ಗೋಣಿ ಬಳ್ಳಿಯನ್ನು ಸೀಟಿನಡಿಗೆ ತಳ್ಳಿದೆವು. ಅಷ್ಟರಲ್ಲಿ ಒಬ್ಬ ಹುಡುಗ ಬಂದ. "ಅಣ್ಣಾ, ಈ ಬ್ಯಾಗು ನಿಮ್ಮ ಗೋಣಿಯ ಹಿಂದೆ ಇರ್ಲಿ. ನಾನು ಆಚೆ ಡಬ್ಬಿಯಲ್ಲಿರ್ತೇನೆ, ಮಂಗಳೂರಲ್ಲಿ ತಗೊಳ್ತೇನೆ" ಅಂದ. ಆಗ್ಲಿಕ್ಕಿಲ್ಲ ಎಂದೆ. ಅವನು ಹೋದ ಮೇಲೆ ನೆರೆಯವರು, "ಪಾಪ, ಇಟ್ಟುಕೊಂಡಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು ಮಾರಾಯ್ರೆ?" ಎಂದು ನನಗೇ ಬೈದರು.

ಆ ಬ್ಯಾಗಿನಲ್ಲಿ ಬರೀ ಬಟ್ಟೆಯೇ ಇದ್ದಿರಬಹುದು. ಆದರೆ ನನ್ನ ತೋಟದಲ್ಲಿ ಕೆಲಸಕ್ಕಿರುವ ಒಡಿಶಾದ ಆಳಿನ ಕತೆ ಕೇಳಿದ ಮೇಲೆ ನನಗೆ ಧೈರ್ಯ ಸಾಲದು. ಅವನ ಚಿಕ್ಕಪ್ಪನ ಮಗ 5,000 ರೂಪಾಯಿ ಸಿಗ್ತದೆ ಅಂತ ಯಾರದೋ ಎರಡು ಚೀಲ ಹಿಡಿದು ರೈಲು ಹತ್ತಿದ. ದಾರಿಯ ಒಂದು ನಿಲ್ದಾಣದಲ್ಲಿ ಹಿಡಿದರು. ತೂಗಿದಾಗ 22 ಕಿಲೋ ಗಾಂಜಾ. ಎರಡು ವರ್ಷ ಕಳೆದರೂ ಜಾಮೀನಿಲ್ಲ. ಮನೆಯವರು ವಕೀಲರಿಗೆಂದು ಎತ್ತಿನ ಜೋಡಿ ಮಾರಿದರು. ಚೀಲ ಕೊಟ್ಟವ? ಅವನು ಬೇರೆ ಡಬ್ಬಿಯಲ್ಲಿ ಕೂತು ನೋಡ್ತಿದ್ದನಂತೆ, ಮುಂದಿನ ನಿಲ್ದಾಣದಲ್ಲಿ ಇಳಿದು ಹೋದ.

ಆ 22 ಕಿಲೋದಲ್ಲಿ ಕೊನೆಯ ಎರಡು ಕಿಲೋವೇ ಅವನನ್ನು ಕೆಡಿಸಿದ್ದು. 1985ರ ಮಾದಕ ವಸ್ತು ಕಾಯಿದೆಯಡಿ ಗಾಂಜಾ ಒಂದು ಕಿಲೋದೊಳಗಾದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000ದವರೆಗೆ ದಂಡ, ಅಥವಾ ಎರಡೂ. ಅಲ್ಲಿಂದ 20 ಕಿಲೋದವರೆಗೆ ಹತ್ತು ವರ್ಷದ ತನಕ. 20 ಕಿಲೋ ಮೀರಿತೋ, ಕಡಿಮೆಯೆಂದರೂ ಹತ್ತು ವರ್ಷ, ಇಪ್ಪತ್ತರವರೆಗೂ ಹೋಗಬಹುದು, ಮೇಲೆ ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಅಂಥ ಕೇಸಿನಲ್ಲಿ ಆರೋಪಿ ತಪ್ಪು ಮಾಡಿಲ್ಲವೆಂದು ನಂಬಲು ಕಾರಣ ಉಂಟು ಎಂದು ನ್ಯಾಯಾಧೀಶರಿಗೆ ಅನಿಸದೆ ಜಾಮೀನೂ ಸಿಗದು. ರಾಜ್ಯದ ಗಡಿ ದಾಟಿಸುವುದನ್ನು ಕಾಯಿದೆ ಹೆಸರು ಹೇಳಿಯೇ ನಿಷೇಧಿಸಿದೆ. 2019ರಿಂದ ರೈಲ್ವೆ ರಕ್ಷಣಾ ದಳದವರಿಗೂ ಈ ಕಾಯಿದೆಯಡಿ ಹುಡುಕಿ ಹಿಡಿಯುವ ಅಧಿಕಾರ ಉಂಟು.

"ನನ್ನದಲ್ಲ, ಒಳಗೆ ಎಂತ ಇತ್ತೋ ಗೊತ್ತಿಲ್ಲ" ಎಂದರಾಯಿತಲ್ಲ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. ಚೀಲ ನಿಮ್ಮ ವಶದಲ್ಲಿತ್ತೆಂದು ಸಾಬೀತಾದರೆ, ಗೊತ್ತಿರಲಿಲ್ಲವೆಂದು ತೋರಿಸುವ ಹೊಣೆ ನಿಮ್ಮದೇ. ಬೇರೆ ಕೇಸುಗಳ ಹಾಗಲ್ಲ ಇದು. ಈ ನಿಯಮ ಕೂಲಿಯವನ ಮೇಲೆ ಬಹಳ ಭಾರ ಹೇರುತ್ತದೆ ಎಂಬುದು ನನ್ನ ತಕರಾರು. ಕೈಯಲ್ಲಿ ಚೀಲ ಇರುವವ ಸಿಗುತ್ತಾನೆ, ದುಡ್ಡು ಹಾಕಿದವನ ಕೈಯಲ್ಲಿ ಚೀಲವೇ ಇರುವುದಿಲ್ಲ. ಹಾಗಂತ ನನ್ನ ತಕರಾರಿನಿಂದ ಕಾಯಿದೆ ಬದಲಾಗುವ ತನಕ ಜೈಲಲ್ಲಿ ಕೂತಿರಲಿಕ್ಕೆ ಆಗ್ತದಾ?

ನಮ್ಮ ಗೋಣಿಗಳ ಮೇಲೆ ಇಂಥವರ ಕಣ್ಣು ಬೀಳುವುದೂ ಸುಮ್ಮನೆ ಅಲ್ಲ. ಮಣ್ಣು ಮೆತ್ತಿದ ಗೋಣಿ, ಮಾಸಿದ ಪಂಚೆ, ಯಾರಿಗೂ ಸಂಶಯ ಬಾರದು. ಹಸಿ ಬಳ್ಳಿಯ ವಾಸನೆ ಬೇರೆ.

ತೋಟದಲ್ಲಿದ್ದರೂ ಅಷ್ಟೇ. ಜೋಳದ ಸಾಲಿನ ನಡುವೆ ನಾಲ್ಕು ಗಿಡ ಹಾಕಿ ಎಂದು ಬೀಜ ಕೊಟ್ಟು ಹೋಗುವವರಿದ್ದಾರೆ. ಬೆಳೆದವನಿಗೆ ಹತ್ತು ವರ್ಷದ ತನಕ ಜೈಲು. ನೀವು ಬೆಳೆಯದಿದ್ದರೂ, ನಿಮ್ಮ ಜಾಗದಲ್ಲಿ ಗಿಡ ಇರುವುದು ಗೊತ್ತಿದ್ದು ತಿಳಿಸದಿದ್ದರೆ ಅದೂ ಅಪರಾಧ. ಗೇಣಿಗೆ ಕೊಟ್ಟ ಜಾಗವನ್ನು ತಿಂಗಳಿಗೊಮ್ಮೆ ಸುತ್ತಿ ಬನ್ನಿ.

ರೈಲಿನಲ್ಲಿ ವಾರಸುದಾರರಿಲ್ಲದ ಚೀಲ ಕಂಡರೆ ಬಿಚ್ಚಿ ನೋಡಬೇಡಿ, ಬದಿಗೆ ಸರಿಸಲೂ ಹೋಗಬೇಡಿ. ಟಿಕೆಟ್ ತಪಾಸಣೆಯವರಿಗೆ ಹೇಳಿ, ಅಥವಾ 139ಕ್ಕೆ ಫೋನ್ ಮಾಡಿ.

ನಮ್ಮ ಆಳು ಬರುವ ತಿಂಗಳು ಊರಿಗೆ ಹೊರಟಿದ್ದಾನೆ. ಅವನ ಟ್ರಂಕಿಗೆ ಹೊಸ ಬೀಗ ತಂದಿಟ್ಟಿದ್ದೇನೆ. ಬರುವಾಗ ಊರಿಂದ ಯಾರು ಎಂತ ಕೊಟ್ಟರೂ ತರಬೇಡ, ಉಪ್ಪಿನಕಾಯಿ ಭರಣಿಯೂ ಬೇಡ ಎಂದಿದ್ದೇನೆ. ನಗುತ್ತಾನೆ. ನೆರೆಮನೆಯವರೂ ನಗುತ್ತಾರೆ.